ಸಾಂದ್ರತೆ ಬದಲಾದರೆ ಅದು ರಾಸಾಯನಿಕ ಬದಲಾವಣೆಯೇ?

ಮಂಜುಗಡ್ಡೆ ಕರಗಿದಾಗ ಸಾಂದ್ರತೆ ಬದಲಾಗುತ್ತದಲ್ಲ, ಮತ್ತೆ ಅದು ರಾಸಾಯನಿಕ ಬದಲಾವಣೆ ಯಾಕಲ್ಲ ಅಂತ ನಿಮ್ಮ ಮಗಳು ಕೇಳಿದಳು ಎಂದಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ. ಪರೀಕ್ಷೆ ಹತ್ತಿರ ಇದೆ ಅಂತ ಅವಸರದಲ್ಲಿ ದಾಟಿಸಬೇಡಿ.

ಮಂಜುಗಡ್ಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ, ನೀರಿನದು ಸುಮಾರು 1 ಗ್ರಾಂ. 92 ಗ್ರಾಂ ಮಂಜುಗಡ್ಡೆ ಕರಗಿದರೆ 92 ಗ್ರಾಂ ನೀರೇ ಸಿಗುತ್ತದೆ. ಆದರೆ ಗಾತ್ರ ಸುಮಾರು 100 ಘನ ಸೆಂಟಿಮೀಟರಿನಿಂದ 92ಕ್ಕೆ ಇಳಿಯುತ್ತದೆ. ದ್ರವ್ಯರಾಶಿ ಅಷ್ಟೇ, ಜಾಗ ಕಡಿಮೆ. ಅದಕ್ಕೇ ಸಾಂದ್ರತೆ ಜಾಸ್ತಿ. ಅಣುಗಳು ಅವೇ, ಜೋಡಣೆ ಮಾತ್ರ ಬೇರೆ. ಹೊಸ ವಸ್ತು ಹುಟ್ಟಿಲ್ಲ, ಹಾಗಾಗಿ ಇದು ಭೌತಿಕ ಬದಲಾವಣೆ.

"ವಾಪಸ್ ತರಬಹುದಾದರೆ ಭೌತಿಕ, ಇಲ್ಲದಿದ್ದರೆ ರಾಸಾಯನಿಕ" ಎಂಬ ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಹರಿದ ಕಾಗದ ಮೊದಲಿನಂತಾಗುವುದಿಲ್ಲ. ಆದರೂ ಅದು ಕಾಗದವೇ ಅಲ್ವಾ? ಹೊಸ ವಸ್ತು ಬಂತಾ ಅಂತ ಕೇಳುವುದೇ ಸರಿಯಾದ ದಾರಿ. ಗುಳ್ಳೆಗಳ ವಿಷಯದಲ್ಲೂ ಹಾಗೇ. ಕುದಿಯುವ ನೀರಿನ ಗುಳ್ಳೆಯಲ್ಲಿರುವುದು ನೀರಿನ ಆವಿ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದಾಗ ಏಳುವ ಗುಳ್ಳೆಯಲ್ಲಿರುವುದು ಹೊಸದಾಗಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್. ಎರಡನ್ನೂ ಒಟ್ಟಿಗೆ ತೋರಿಸಿ, ವ್ಯತ್ಯಾಸ ಅವಳೇ ಹೇಳಲಿ.

ಸಾಂದ್ರತೆಯ ಲೆಕ್ಕ ಸುಲಭ, ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರಾಯಿತು. ಅದಕ್ಕಿಂತ ಈ ಪ್ರಶ್ನೆ ಕೇಳಿ ನೋಡಿ: ಕಬ್ಬಿಣದ ತುಂಡನ್ನು ಎರಡು ಮಾಡಿದರೆ ಸಾಂದ್ರತೆ ಅರ್ಧ ಆಗುತ್ತದಾ? ಅವಳು "ಅರ್ಧ ಆಗುತ್ತೆ" ಅಂತ ಹೇಳಿದರೆ, ಎರಡೂ ತುಂಡುಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಮಾಡಿಸಿ. ಎರಡಕ್ಕೂ ಘನ ಸೆಂಟಿಮೀಟರಿಗೆ ಸುಮಾರು 7.9 ಗ್ರಾಂ ಬರುತ್ತದೆ.