ಹಳೇ ಪಿಕಪ್‌ನ ಸದ್ದು: ಶೀಟ್ ಅಂಟಿಸುವ ಮೊದಲು ತೂತು ಮುಚ್ಚಿ

ಗಾಡಿಯ ಸದ್ದು ಅಡಗಿಸಲು ತಗಡಿಗೆ ಒಳಗಿನಿಂದ ಅಂಟಿಸುವ ಡ್ಯಾಂಪಿಂಗ್ ಶೀಟ್ ಬಗ್ಗೆ ಅದದೇ ಪ್ರಶ್ನೆಗಳು ಬರುತ್ತಲೇ ಇವೆ. ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಬೇಜಾರಾಗಿದೆ. ಅದಕ್ಕೇ ಈ ಸಲ ಬರೀ ಇದೇ ವಿಷಯ.

ಪ್ರಶ್ನೆ: ನನ್ನದು 2011ರ ಬೊಲೆರೊ ಕ್ಯಾಂಪರ್. ತೋಟದಿಂದ ಮೂಡಿಗೆರೆ ಪೇಟೆಗೆ ದಿನಾ ಓಡಾಟ, ಆಗಾಗ ಮಂಗಳೂರು. 60 ದಾಟಿದರೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ನೆಲ, ಬಾಗಿಲು, ಚಾವಣಿ ಎಲ್ಲಕ್ಕೂ ಎರಡು ಪದರ ಶೀಟ್ ಹಾಕಬೇಕು ಅನ್ನುತ್ತಾರೆ ಅಂಗಡಿಯವರು. ಹಾಕಿಸಲೇ?

ಬೇಡ. ಎರಡು ಪದರವಂತೂ ಬೇಡವೇ ಬೇಡ, ಒಂದು ಪದರವೂ ಈಗಲೇ ಬೇಡ.

ಬ್ಯೂಟೈಲ್ ಅನ್ನುವ ರಬ್ಬರಿನ ಆ ಶೀಟಿಗೆ ಗೊತ್ತಿರುವುದು ಒಂದೇ ಕೆಲಸ, ನಡುಗುವ ತಗಡನ್ನು ಸುಮ್ಮನಾಗಿಸುವುದು. ತಗಡಿಗೂ ಮೇಲಿನ ಅಲ್ಯೂಮಿನಿಯಂ ಹಾಳೆಗೂ ಮಧ್ಯೆ ಸಿಕ್ಕಿಕೊಂಡ ರಬ್ಬರು ಎಳೆದಾಡಿ, ಆ ನಡುಕವನ್ನು ಬಿಸಿಯಾಗಿ ಕಳೆಯುತ್ತದೆ. ತೂತಿನಿಂದ ನೇರವಾಗಿ ಒಳಗೆ ನುಗ್ಗುವ ಸದ್ದಿಗೆ ಅದರಿಂದ ಏನೂ ಆಗದು. ಲೆಕ್ಕ ಹೇಳುತ್ತೇನೆ: 100 ಪಾಲು ಗೋಡೆಯಲ್ಲಿ 1 ಪಾಲು ತೂತಿದ್ದರೆ, ಉಳಿದ 99 ಪಾಲಿಗೆ ಏನೇ ಮೆತ್ತಿದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಜಾಸ್ತಿ ಸದ್ದು ತಡೆಯುವುದಿಲ್ಲ. ಹಳೇ ಪಿಕಪ್‌ನಲ್ಲಿ ಇಂತಹ ತೂತು ಎಷ್ಟಿವೆ ಅಂತ ಎಣಿಸಿದ್ದೀರಾ?

ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ನಿಂತಲ್ಲೇ ಅದೇ ಗುಂಯ್ ಅನ್ನುವ ಸದ್ದು ಬಂದರೆ ಅದು ಇಂಜಿನ್ನಿನದು. ಇಂಜಿನ್ ಕೂರಿಸಿರುವ ಮೌಂಟಿಂಗ್ ರಬ್ಬರು ಸತ್ತಿದೆಯಾ, ಸೈಲೆನ್ಸರ್ ಎಲ್ಲಾದರೂ ಒಡೆದಿದೆಯಾ ನೋಡಿಸಿ. ಹೊಗೆ ವಾಸನೆ ಒಳಗೆ ಬರುತ್ತಿದ್ದರೆ ಸದ್ದಿನ ಮಾತು ಪಕ್ಕಕ್ಕಿಡಿ, ಅವತ್ತೇ ಗ್ಯಾರೇಜಿಗೆ ಹೋಗಿ. ಆ ಹೊಗೆ ಜೀವಕ್ಕೆ ಅಪಾಯ. ನಿಂತಾಗ ಸದ್ದಿಲ್ಲ, ರಸ್ತೆ ಬದಲಾದಂತೆ ಸದ್ದೂ ಬದಲಾಗುತ್ತದೆ ಅಂದರೆ ಅದು ಟೈರಿನದು. ದಪ್ಪ ಹಲ್ಲಿನ ಟೈರ್ ಹಾಕಿಸಿಕೊಂಡು ನೆಲಕ್ಕೆ ಶೀಟ್ ಹಾಕಿ ಅಂತ ಬರುವವರಿಗೆ ನಾನು ಶೀಟ್ ಹಾಕುವುದೇ ಇಲ್ಲ.

ಆಮೇಲೆ ರಾತ್ರಿ ಹೊತ್ತು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಚ್ಚಿಟ್ಟು ಬಾನೆಟ್ ಎತ್ತಿ ನೋಡಿ. ವೈರು, ಕೇಬಲ್ಲು, ಪೆಡಲ್ ಹಾಯುವ ಕಡೆ ಬೆಳಕು ಕಂಡರೆ ಸದ್ದೂ ಅಲ್ಲಿಂದಲೇ ಬರುತ್ತಿದೆ. ಗ್ರಾಮೆಟ್ (ವೈರು ಹಾಯುವ ತೂತಿಗೆ ಕೂರಿಸುವ ರಬ್ಬರ್ ಬಳೆ), ಗೇರ್ ಲಿವರಿನ ರಬ್ಬರ್ ಬೂಟು, ಇವೆಲ್ಲ ಕಡಿಮೆ ಖರ್ಚಿನ ಸಾಮಾನು. ಬಾಗಿಲಂಚಿನ ರಬ್ಬರ್ ಬೀಡಿಂಗಿಗೆ ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಬೀಡಿಂಗ್ ಬದಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಸಾಲದಿದ್ದರೆ ಶೀಟ್. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ. ಟಣ್ ಅಂದರೆ ಅಲ್ಲಿ ಹಾಕಿ, ಡಬ್ ಅಂದರೆ ಬಿಡಿ. 2 ಮಿ.ಮೀ. ಶೀಟು, ತಗಡಿನ ನಡುಭಾಗದಲ್ಲಿ, ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮುಚ್ಚಿದರೆ ಸಾಕು. ಜಿಡ್ಡು ಒರೆಸಿ, ರೋಲರ್‌ನಿಂದ ಒತ್ತಿ ಕೂರಿಸಬೇಕು. ಆ ಶೀಟು ಚದರ ಮೀಟರಿಗೆ ಸುಮಾರು 3 ಕೆಜಿ ತೂಗುತ್ತದೆ. 10 ಚದರ ಮೀಟರಿಗೆ ಎರಡು ಪದರ ಅಂದರೆ 60 ಕೆಜಿ, ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ ಆಯಿತಲ್ವಾ? ಅದನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತುವುದು ಯಾಕೆ?

ನಿಮ್ಮದು ಮಲೆನಾಡು. ಅದಕ್ಕೇ ಇನ್ನೊಂದು ಮಾತು. ನೆಲಕ್ಕೆ ಕೈ ಹಾಕುವ ಮೊದಲು ಹಳೇ ಮ್ಯಾಟ್ ಪೂರ್ತಿ ಕಿತ್ತು ತುಕ್ಕು ನೋಡಿ. ಹೊರಗೆ ಚೆನ್ನಾಗಿ ಕಂಡ ಗಾಡಿಯೊಂದರಲ್ಲಿ ಮ್ಯಾಟಿನ ಕೆಳಗಿನ ಒದ್ದೆ ಸ್ಪಂಜು ಎತ್ತಿದಾಗ ನನ್ನ ಸ್ಕ್ರೂಡ್ರೈವರ್ ನೆಲದ ತಗಡಿನಿಂದ ಆಚೆ ಬಂತು. ತುಕ್ಕಿನ ಮೇಲೆ ಶೀಟ್ ಅಂಟಿಸಿದರೆ ಒಳಗೊಳಗೇ ತಿನ್ನುತ್ತದೆ. ಮೊದಲು ಟಿಂಕರಿಂಗ್, ಪ್ರೈಮರ್, ಆಮೇಲೆ ಶೀಟ್. ಅದರ ಮೇಲೆ ನೀರು ಕುಡಿಯದ ಫೋಮು, ಅದರ ಮೇಲೆ ಭಾರವಾದ ರಬ್ಬರ್ ಮ್ಯಾಟ್. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಇರುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಪ್ರಶ್ನೆ: ಮನೆ ತಾರಸಿಗೆ ಹಾಕುವ ಡಾಂಬರ್ ಶೀಟ್ ಅಗ್ಗ, ಅದನ್ನೇ ಹಾಕಬಹುದಾ? (ರಾಯಚೂರು)

ನಿಮ್ಮೂರ ಬಿಸಿಲಿಗೆ ಮೆತ್ತಗಾಗಿ ಚಾವಣಿಯಿಂದ ಜೋತು ಬೀಳುತ್ತದೆ, ವಾಸನೆ ಬೇರೆ. ಬೇಡ.

ಪ್ರಶ್ನೆ: ಮೊಟ್ಟೆ ಟ್ರೇ, ಥರ್ಮಾಕೋಲ್?

ಎರಡೂ ಹಗುರ. ಸದ್ದು ತಡೆಯಲು ತೂಕ ಬೇಕು.

ಪ್ರಶ್ನೆ: ಬಾಗಿಲ ಕಂಬಗಳ ಒಳಗೆ ಪಿಯು ಫೋಮ್ ಸ್ಪ್ರೇ (ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿಸುತ್ತೇವೆ ಅನ್ನುತ್ತಾರೆ.

ಹಾಗೆ ಹೇಳಿದವರ ಅಂಗಡಿಗೆ ಮತ್ತೆ ಹೋಗಬೇಡಿ. ನೀರು ಇಳಿಯುವ ದಾರಿ ಕಟ್ಟುತ್ತದೆ, ವೈರು ಅದರಲ್ಲೇ ಹೂತುಹೋಗುತ್ತದೆ, ಮುಂದೆ ಅಲ್ಲಿ ವೆಲ್ಡಿಂಗ್ ಮಾಡಿಸಬೇಕಾಗಿ ಬಂದರೆ ಬೆಂಕಿ ಹತ್ತುತ್ತದೆ.

ಪ್ರಶ್ನೆ: ಎಷ್ಟು ಡೆಸಿಬೆಲ್ ಕಡಿಮೆಯಾಗುತ್ತದೆ?

ಗಾಡಿ ನೋಡದೆ ಹೇಳಲು ಬರುವುದಿಲ್ಲ. ನೋಡದೆಯೇ ಫೋನಿನಲ್ಲಿ ಲೆಕ್ಕ ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ.