1985ರ ವಿಂಟೇಜ್ ಪೋರ್ಟ್‌ಗೆ ಯಾವ ಡಿಕ್ಯಾಂಟರ್ ಕೊಳ್ಳಲಿ?

ಗೆಳೆಯರ ಮನೆಯಲ್ಲಿ ಶನಿವಾರದ ಸಂಜೆ, ಹತ್ತು ಜನ, ಕೈಯಲ್ಲಿ ಒಂದೇ ಬಾಟಲಿ ವಿಂಟೇಜ್ ಪೋರ್ಟ್, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ ಬ್ರಾಂದಿ ಬೆರೆಸಿದ ಪೋರ್ಚುಗಲ್ಲಿನ ಸಿಹಿ ವೈನ್. ಅದನ್ನು ಬಸಿದಿಡುವ ಗಾಜಿನ ಪಾತ್ರೆಯೇ ಡಿಕ್ಯಾಂಟರ್. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಲಂಡನ್ನಿನ ಒಂದು ನವೆಂಬರ್ ರಾತ್ರಿ ನನ್ನ ಕಣ್ಣಮುಂದೆ ಬಂತು.

ನಮ್ಮದು 1977ರದು. ಹನ್ನೊಂದು ಮಂದಿ ದುಡ್ಡು ಹಾಕಿ ಕೊಂಡಿದ್ದೆವು. ಜೋಪಾನ ಮಾಡುವ ಹೊಣೆ ನನ್ನದು. ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅದನ್ನು ಟವೆಲಿನಲ್ಲಿ ಸುತ್ತಿ, ಬೆನ್ನಚೀಲದಲ್ಲಿಟ್ಟು, ಸುರಂಗ ರೈಲಿನಲ್ಲಿ ನಲವತ್ತು ನಿಮಿಷ ಹೊತ್ತೊಯ್ದೆ. ಒಡೆಯಬಾರದು ಎಂಬುದೊಂದೇ ಚಿಂತೆ. ಕದಡಬಾರದು ಎಂಬುದು ಹೊಳೆಯಲೇ ಇಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ವಿಂಟೇಜ್ ಪೋರ್ಟ್ ಮರದ ಪೀಪಾಯಿಯಲ್ಲಿ ಇರುವುದು ಎರಡು ವರ್ಷದ ಆಸುಪಾಸು ಮಾತ್ರ. ಆಮೇಲೆ ಸೋಸದೆಯೇ ಬಾಟಲಿಗೆ ತುಂಬುತ್ತಾರೆ. ಮುಂದಿನ ಮೂವತ್ತು, ನಲವತ್ತು ವರ್ಷ ಅದು ಮಾಗುವುದೆಲ್ಲ ಗಾಜಿನೊಳಗೆ. ಬಣ್ಣದ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತವೆ. ಮಲಗಿಸಿಟ್ಟ ಬಾಟಲಿಯ ಮಗ್ಗುಲಿಗೆ ಹಪ್ಪಳದಂತೆ ಹತ್ತಿಕೊಳ್ಳುವ ದಪ್ಪ ಗಸಿ ಒಂದು ಬಗೆ. ಅದನ್ನು ಸೋಸುವ ಬಟ್ಟೆ ಹಿಡಿಯುತ್ತದೆ. ಇನ್ನೊಂದು ಅರಿಸಿನದ ಪುಡಿಯಷ್ಟು ನುಣ್ಣನೆಯದು. ಅದು ಎದ್ದರೆ ಗಂಟೆಗಳಲ್ಲಿ ಕೂರುವುದಿಲ್ಲ, ಬಟ್ಟೆಯಲ್ಲೂ ನುಸುಳುತ್ತದೆ. ರೈಲಿನ ಕುಲುಕಾಟ ಎಬ್ಬಿಸಿದ್ದು ಇದನ್ನು.

ಬಸಿಯುವಾಗ ಬಾಟಲಿಯ ಕತ್ತಿನ ಕೆಳಗೆ ಬೆಳಕು ಹಿಡಿಯುತ್ತಾರೆ. ತಿಳಿಯಾದ ಕೆಂಪಿನಲ್ಲಿ ಕಪ್ಪು ಎಳೆಯೊಂದು ತೆವಳಿಕೊಂಡು ಕತ್ತಿನ ಹತ್ತಿರ ಬಂದೊಡನೆ ನಿಲ್ಲಿಸಬೇಕು. ನನಗೆ ಆ ಎಳೆ ಕಾಣಲೇ ಇಲ್ಲ. ಮೊದಲ ಹನಿಯಿಂದಲೇ ರಾಡಿ. ಕಾಫಿ ಸೋಸುವ ಕಾಗದ ಹಾಕಿದರೆ ಅದು ಕಟ್ಟಿಕೊಂಡಿತು. ಹನ್ನೊಂದು ಲೋಟಗಳಲ್ಲಿ ಒಂದರಲ್ಲೂ ಹೊಳಪಿರಲಿಲ್ಲ. ನಾಲಗೆಯ ಮೇಲೆ ಹುಡಿ, ಕೊನೆಯಲ್ಲಿ ಕಹಿ. ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ದೆ ಗಾಯಾದಲ್ಲಿ, ಪೋರ್ಟ್ ಮಾಗಿಸುವ ಉಗ್ರಾಣದಲ್ಲಿ ದುಡಿದಿದ್ದ ಹಿರಿಯರೊಬ್ಬರು ಅಲ್ಲಿದ್ದರು. ಲೋಟವನ್ನು ದೀಪಕ್ಕೆ ಹಿಡಿದು ನೋಡಿ, ಮೆಲ್ಲಗೆ ಕೇಳಿದರು: "ಮನೆಯಲ್ಲೇ ಬಸಿದು ತರಬಹುದಿತ್ತಲ್ಲ?"

ಹಾಗಾಗಿ ಡಿಕ್ಯಾಂಟರ್ ಕೊಳ್ಳುವ ಮಾತೇ ಬೇಡ. ಗಾಜಿನ ಹೂಜಿ, ಲಾಳಿಕೆ, ಒಗೆದು ಒಣಗಿಸಿದ ಮಲ್ಲು ಬಟ್ಟೆ, ಮೊಬೈಲಿನ ಟಾರ್ಚ್ ಇದ್ದರೆ ಸಾಕು. ಹೂಜಿಗೆ ಸೋಪು ಮುಟ್ಟಿಸಬೇಡಿ, ಬಿಸಿನೀರು ಸಾಕು. ಶನಿವಾರ ಮಧ್ಯಾಹ್ನ ನಿಮ್ಮ ಮನೆಯಲ್ಲೇ ಕಾರ್ಕ್ ತೆಗೆಯಿರಿ. ಹಳೆಯ ಕಾರ್ಕ್ ಪುಡಿಯಾದರೆ ಗಾಬರಿ ಬೇಡ, ಬಟ್ಟೆ ಹಿಡಿಯುತ್ತದೆ. ನಡುವೆ ಬಾಟಲಿಯನ್ನು ನೆಟ್ಟಗೆ ಮಾಡದೆ ಒಂದೇ ಸಲಕ್ಕೆ, ಅಮ್ಮಂದಿರು ತಿಳಿಸಾರು ಬಗ್ಗಿಸುವಷ್ಟು ನಿಧಾನವಾಗಿ ಬಗ್ಗಿಸಿ. ಕಪ್ಪು ಎಳೆ ಕಂಡ ಮೇಲೆ ಉಳಿದದ್ದಕ್ಕೆ ಆಸೆಪಡಬೇಡಿ. ಖಾಲಿ ಬಾಟಲಿಯನ್ನು ನೀರು ಹಾಕಿ ಚೆನ್ನಾಗಿ ಗಲಬರಿಸಿ, ನೀರೆಲ್ಲ ಸೋರಿದ ಮೇಲೆ ತಿಳಿಯನ್ನು ಮತ್ತೆ ಅದರೊಳಕ್ಕೇ ಸುರಿದು ಬಿರಡೆ ಹಾಕಿ. ಇನ್ನು ಬಸ್ಸಿನಲ್ಲಾದರೂ ಒಯ್ಯಿರಿ, ರೈಲಿನಲ್ಲಾದರೂ ಒಯ್ಯಿರಿ. ಆ ಹಿರಿಯರು ಕಲಿಸಿದ ಈ ಕ್ರಮವನ್ನು ನಾನು ಆಮೇಲೆ ಒಮ್ಮೆಯೂ ತಪ್ಪಿಸಿಲ್ಲ.

ಗಾಳಿ ಬೆರೆಸುವ ಉಪಕರಣದ ಬಗ್ಗೆಯೂ ಕೇಳಿದ್ದೀರಿ. ಖಂಡಿತ ಬೇಡ. ನಲವತ್ತು ವರ್ಷ ಮಾಗಿದ್ದಕ್ಕೆ ಬಸಿದ ಮೇಲೆ ಎರಡು ಮೂರು ಗಂಟೆ ಸಾಕು. 2011ರ ಅಥವಾ 2016ರ ಎಳೆಯ ಬಾಟಲಿಯಾಗಿದ್ದರೆ ಬೆಳಿಗ್ಗೆಯೇ ಬಸಿಯಿರಿ ಎನ್ನುತ್ತಿದ್ದೆ. ಸಾಲುತ್ತದೆಯೇ ಎಂಬ ಅಳುಕೂ ಬೇಡ: 750 ಮಿಲಿಲೀಟರಿನಲ್ಲಿ ಗಸಿ ಕಳೆದರೂ ತಲೆಗೆ 65 ಮಿಲಿಲೀಟರಿನಷ್ಟು ಬರುತ್ತದೆ, ಶೇಕಡಾ 20ರಷ್ಟು ಆಲ್ಕೋಹಾಲ್ ಇರುವ ಪೋರ್ಟ್‌ಗೆ ಅದು ಧಾರಾಳ.

ಬಾಟಲಿ ಇನ್ನೂ ಬೀರುವಿನಲ್ಲಿ ಮಲಗಿದೆ ಎಂದು ಬರೆದಿದ್ದೀರಿ. ಇವತ್ತು ಬುಧವಾರ. ಈಗಲೇ ಎದ್ದು ಹೋಗಿ, ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ನಿಲ್ಲಿಸಿ ಬನ್ನಿ.