ಬಡಾವಣೆಯ ಫುಟ್‌ಬಾಲ್ ಕ್ಲಬ್‌ಗೆ ಚಿಕ್ಕ ಮಕ್ಕಳು, ಹೆಣ್ಣುಮಕ್ಕಳು ಬರಬೇಕಂದ್ರೆ ಏನು ಮಾಡಬೇಕು?

ಮಂಡ್ಯದಲ್ಲಿ ನಿಮ್ಮ ಕ್ಲಬ್ ಚೆನ್ನಾಗಿ ನಡೀತಿದೆ, ಆದ್ರೆ ಬರೋರೆಲ್ಲ ಕಾಲೇಜು ಹುಡುಗರೇ, ಹೆಣ್ಣುಮಕ್ಕಳಿಗೆ ಆಸಕ್ತಿನೇ ಇಲ್ವೇನೋ ಅಂತ ಕೇಳಿದೀರಿ. ನಾನು ಮೈಸೂರಿನಲ್ಲಿ ಇಂಥದ್ದೇ ಒಂದು ಕ್ಲಬ್‌ನಲ್ಲಿ ಮಕ್ಕಳಿಗೆ ಹೇಳಿಕೊಡ್ತೀನಿ. ಆಸಕ್ತಿ ಖಂಡಿತ ಇದೆ. ಕಳಿಸೋಕೆ ಮನೆಯವರಿಗೆ ಧೈರ್ಯ ಬರಬೇಕು ಅಷ್ಟೆ.

ಮಗಳನ್ನು ಸೇರಿಸೋಕೆ ಬಂದ ಒಬ್ಬ ತಾಯಿ ಫೀಸ್ ವಿಷಯ ಎತ್ತಲೇ ಇಲ್ಲ. ಸೀದಾ ಶೌಚಾಲಯಕ್ಕೆ ಹೋದ್ರು, ಒಳಗಿಂದ ಚಿಲಕ ಹಾಕಿ ನೋಡಿದ್ರು, ನಲ್ಲಿ ತಿರುಗಿಸಿ ನೋಡಿದ್ರು. ಹೊರಗೆ ಬಂದು ಕೇಳಿದ್ದು ಒಂದೇ, ‘ಎಷ್ಟೊತ್ತಿಗೆ ಬಿಡ್ತೀರಾ ಸಾರ್?’ ಪೋಸ್ಟರ್ ಅಂಟಿಸೋ ಮೊದಲು ನೀವು ಸರಿಮಾಡಬೇಕಾದ್ದು ಇದನ್ನೇ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆ ಹೊತ್ತಿಗೆಲ್ಲ ಹೊತ್ತು ಮುಳುಗುತ್ತೆ. ಸಂಜೆ ಬ್ಯಾಚ್ ಇಟ್ಟು ‘ಯಾರೂ ಬರ್ತಿಲ್ಲ’ ಅಂದ್ರೆ ಹೇಗೆ? ಭಾನುವಾರ ಬೆಳಿಗ್ಗೆ ಇಡಿ. ಪ್ರತಿ ಬ್ಯಾಚಿನಲ್ಲೂ ಒಬ್ಬ ಹೆಂಗಸು ಮೈದಾನದಲ್ಲಿ ಇರಲಿ; ಕೋಚ್ ಸಿಗದಿದ್ರೆ ಯಾವುದಾದ್ರೂ ಮಗುವಿನ ತಾಯಿಯನ್ನೇ ಕೇಳಿಕೊಳ್ಳಿ. ಮಕ್ಕಳ ಜೊತೆ ಕೋಚ್‌ಗಳು ಬೇರೆಯಾಗಿ ಮೆಸೇಜ್ ಮಾಡೋದು ಬೇಡ, ಎಲ್ಲವೂ ಪೋಷಕರ ಗ್ರೂಪ್‌ನಲ್ಲೇ ನಡೀಲಿ.

ಮೊದಲು ನಿಮ್ಮ ಹುಡುಗರ ತಂಗಿಯರನ್ನು ಕರೆಯಿರಿ. ಅವರ ಮನೆಯವರು ನಿಮ್ಮನ್ನು ಆಗಲೇ ಬಲ್ಲರು. ಒಬ್ಬಳನ್ನೇ ಹುಡುಗರ ನಡುವೆ ನಿಲ್ಲಿಸಬೇಡಿ; ‘ನಿನ್ನ ಗೆಳತಿಯರನ್ನೂ ಕರ್ಕೊಂಡು ಬಾ’ ಅನ್ನಿ. ಹತ್ತು ವರ್ಷದೊಳಗಿನವರು ಒಟ್ಟಿಗೇ ಆಡಲಿ. ಹೈಸ್ಕೂಲಿಗೆ ಬಂದ ಮೇಲೆ ಹೊಸದಾಗಿ ಕಲಿಯೋ ಹುಡುಗಿಯರಿಗೆ ಬೇರೆ ಬ್ಯಾಚ್ ಬೇಕು, ಯಾಕಂದ್ರೆ ಚೆಂಡು ತಪ್ಪಿದಾಗ ಹುಡುಗರು ನಕ್ಕರೆ ಮುಂದಿನ ವಾರ ಅವಳು ಬರೋದೇ ಇಲ್ಲ. ಚಡ್ಡಿ ಹಾಕಲೇಬೇಕು ಅಂತ ಹಠ ಬೇಡ. ಅಭ್ಯಾಸಕ್ಕೆ ಟ್ರ್ಯಾಕ್ ಪ್ಯಾಂಟ್ ಸಾಕು; ಪಂದ್ಯದಲ್ಲೂ ಚಡ್ಡಿ ಒಳಗೆ ಅದೇ ಬಣ್ಣದ ಟೈಟ್ಸ್ ಹಾಕೋಕೆ ಆಟದ ನಿಯಮದಲ್ಲೇ ಅವಕಾಶ ಇದೆ. ಫಸ್ಟ್ ಏಡ್ ಡಬ್ಬಿಯಲ್ಲಿ ಸ್ಯಾನಿಟರಿ ಪ್ಯಾಡ್ ಇರಲಿ.

ಇನ್ನು ಚಿಕ್ಕವರ ವಿಷಯ. ದೊಡ್ಡವರ 5ನೇ ಸೈಜ್ ಚೆಂಡು 410ರಿಂದ 450 ಗ್ರಾಂ ತೂಗುತ್ತೆ, ಎಂಟು ವರ್ಷದ ಮಗು ಅದನ್ನು ಒದ್ದರೆ ಕಾಲೇ ನೋಯುತ್ತೆ. ಎಂಟರೊಳಗಿನವರಿಗೆ 3ನೇ ಸೈಜ್, ಅಲ್ಲಿಂದ ಹನ್ನೆರಡರವರೆಗೆ 4ನೇ ಸೈಜ್ ತನ್ನಿ. ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ, ಕೋನ್ ಇಟ್ಟು ಗೋಲ್ ಮಾಡಿ ಆಡಿಸಿ. ಹನ್ನೊಂದು ಜನರ ತಂಡ ಕಟ್ಟಿದ್ರೆ ಜೋರಿರೋ ಇಬ್ಬರು ಮೂವರೇ ಚೆಂಡು ಇಟ್ಕೊಂಡು ಓಡ್ತಾರೆ, ಮಿಕ್ಕವರು ನಿಂತು ನೋಡ್ತಾರೆ. ನಿಂತು ನೋಡಿದ ಮಗು ನಾಳೆ ಬರಲ್ಲ.

‘ಫುಟ್‌ಬಾಲ್ ಆಡಿ ಇವಳು ಏನಾಗ್ಬೇಕು?’ ಅಂತ ಅಪ್ಪಂದಿರು ಕೇಳೇ ಕೇಳ್ತಾರೆ. 2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೀತು, ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದ್ದು. ಮಣಿಪುರದ ಫುಟ್‌ಬಾಲ್ ಆಟಗಾರ್ತಿ ಬೆಂಬೆಮ್ ದೇವಿ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇದನ್ನೆಲ್ಲ ಹೇಳಿ, ಆದ್ರೆ ಸ್ಪೋರ್ಟ್ಸ್ ಕೋಟಾ, ಕೆಲಸ ಅಂತ ಆಸೆ ಹುಟ್ಟಿಸಬೇಡಿ. ಮಗಳು ಆಡಿ ಬಂದು ಹೊಟ್ಟೆ ತುಂಬ ತಿಂದು, ಕಣ್ತುಂಬ ನಿದ್ದೆ ಮಾಡೋದನ್ನು ಅವರೇ ನೋಡ್ತಾರೆ.

ಒಂಬತ್ತು, ಹತ್ತನೇ ಕ್ಲಾಸಿಗೆ ಬಂದಾಗ ಟ್ಯೂಷನ್, ಎಸ್ಸೆಸ್ಸೆಲ್ಸಿ ಅಂತ ಹುಡುಗಿಯರನ್ನು ಬಿಡಿಸ್ತಾರೆ. ನನಗೆ ಅತಿ ಹೆಚ್ಚು ಸಂಕಟ ಆಗೋದು ಆಗಲೇ. ಆ ವರ್ಷ ಫೀಸ್ ತಗೋಬೇಡಿ, ಪಟ್ಟಿಯಿಂದ ಹೆಸರು ತೆಗೀಬೇಡಿ. ವಾರಕ್ಕೊಮ್ಮೆ ಒಂದು ಗಂಟೆ ಬಂದು ಚಿಕ್ಕವರಿಗೆ ಪಾಸ್ ಹೇಳಿಕೊಡು ಅನ್ನಿ. ಪಿಯುಸಿಗೆ ಹೋದ ಮೇಲೆ ವಾಪಸ್ ಬರೋರು ಅವರೇ, ನಿಮಗೆ ಬೇಕಾದ ಲೇಡಿ ಕೋಚ್ ಸಿಗೋದೂ ಅವರಲ್ಲೇ.